ನಂದನ ಅಪ್ಪ

ಮೇ ನಡುವಿನ ಮಡಿಕೇರಿ ಎರಡು ಕಾಲಗಳ ಹೊಸ್ತಿಲಲ್ಲಿ ನಿಂತಿರುತ್ತದೆ. ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತದೆ. ಮಧ್ಯಾಹ್ನ ಕಳೆಯುತ್ತಲೇ ಪಡುವಣ ಬೆಟ್ಟಗಳ ನೆತ್ತಿಗೆ ಮೋಡ ಕಟ್ಟಿ, ಸಂಜೆಗೆ ಗುಡುಗು ಉರುಳುತ್ತದೆ. ಹೂಮಳೆಗೆ ಬಿರಿದು ತೋಟವನ್ನೆಲ್ಲ ಬೆಳ್ಳಗಾಗಿಸಿದ್ದ ಕಾಫಿ ಹೂ ಉದುರಿ ಎಷ್ಟೋ ದಿನವಾಯಿತು; ಈಗ ಗೆಣ್ಣು ಗೆಣ್ಣಿಗೂ ಹಸಿರು ಮಣಿಗಳು. ಸಿಲ್ವರ್ ಓಕ್ ಮರಗಳನ್ನು ತಬ್ಬಿ ಏರಿದ ಮೆಣಸಿನ ಬಳ್ಳಿ ಮಳೆಗೆ ಕಾದಿದೆ. ಹಲಸಿನ ಹಣ್ಣಿನ ಘಮ ರಸ್ತೆಯವರೆಗೂ ಬರುತ್ತದೆ. ಇನ್ನೆರಡು ಮೂರು ವಾರ ಕಳೆದರೆ ಮುಂಗಾರು ಹಿಡಿದುಕೊಳ್ಳುತ್ತದೆ; ಆಮೇಲೆ ಬೆಟ್ಟ, ಮನೆ, ಮರ ಎಲ್ಲವೂ ಒಂದೇ ಬಿಳಿ ಮಂಜಿನೊಳಗೆ. ಅದಕ್ಕೆ ಮುಂಚಿನ ಇಂಥದೊಂದು ಮೇ ತಿಂಗಳಲ್ಲಿ, 1993ರ ಮೇ 15ರಂದು, ಈ ಊರಿನ ಬಲು ದೊಡ್ಡ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ನಂತರ ಅವರನ್ನು ಇದೇ ಮಣ್ಣಿಗೆ ಕರೆತಂದರು.

ಆ ಮನೆಯ ಹೆಸರು ‘ರೋಶನಾರಾ’. ಮರಗಳ ನೆರಳಿನ ಮನೆ. ಅದರ ಆವರಣದಲ್ಲೇ ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಸಮಾಧಿ ಇದೆ. ವರ್ಷಕ್ಕೊಮ್ಮೆ, ಅವರ ಹುಟ್ಟುಹಬ್ಬವಾದ ಜನವರಿ 28ರಂದು, ಮಾಜಿ ಸೈನಿಕರು ಇಲ್ಲಿಗೆ ಬರುತ್ತಾರೆ. ಕೋಟಿನ ಎದೆಗೆ ಪದಕಗಳ ಸಾಲು, ತಲೆಯ ಮೇಲೆ ರೆಜಿಮೆಂಟಿನ ಟೋಪಿ. ಕೆಲವರಿಗೆ ಊರುಗೋಲು ಬೇಕು. ಸಮಾಧಿಯ ಎದುರು ನಿಂತಾಗ ಮಾತ್ರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಬಲಗೈ ಹುಬ್ಬಿನವರೆಗೆ ಏರುತ್ತದೆ. ಅವರು ಸಲಾಮು ಹೊಡೆಯುವುದು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕನಿಗೆ. ನಾನು ಈ ಬರಹದಲ್ಲಿ ಹುಡುಕಿಕೊಂಡು ಹೊರಟಿರುವುದು ಅದೇ ಮನುಷ್ಯನ ಇನ್ನೊಂದು ಗುರುತನ್ನು. ನಂದ ಎಂಬ ಹುಡುಗನಿಗೂ ನಳಿನಿ ಎಂಬ ಹುಡುಗಿಗೂ ಅವರು ಅಪ್ಪ. ಆ ಅಪ್ಪನನ್ನು ಅರಿಯದೆ ಈ ಸೇನಾನಿಯನ್ನು ಪೂರ್ತಿ ಅರಿಯಲಾಗದು ಎಂದು ನನಗೆ ಅನ್ನಿಸುತ್ತ ಬಂದಿದೆ.

ಕೊಡಗಿನಲ್ಲಿ ‘ಮಿಲಿಟ್ರಿಯವರ ಮನೆ’ ಎಂದು ಹೇಳಿ ದಾರಿ ಕೇಳಿದರೆ ಯಾವ ಮನೆ ಎಂದು ಮರುಪ್ರಶ್ನೆ ಬರುತ್ತದೆ. ಊರಿಗೆ ಹತ್ತು ಮನೆ ಅಂಥವು. ಜಗಲಿಯ ಗೋಡೆಯಲ್ಲಿ ಸಮವಸ್ತ್ರದ ಕಪ್ಪು ಬಿಳುಪು ಚಿತ್ರ. ಅಟ್ಟದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದ ಕಪ್ಪು ಟ್ರಂಕು. ಅದರೊಳಗೆ ನ್ಯಾಫ್ತಲಿನ್ ಗುಳಿಗೆಯ ವಾಸನೆ ಹೊತ್ತ ಉಣ್ಣೆಯ ಕೋಟು. ಟ್ರಂಕಿನ ಅಡಿಯಲ್ಲಿ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಕಾಗದ, ಯಾವುದೋ ಕಾಲದಲ್ಲಿ ಹೆಂಡತಿ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು. ಮನೆಯ ಯಜಮಾನರು ಈಗಲೂ ಬೆಳಗಿನ ಜಾವ ಏಳುತ್ತಾರೆ, ನಿತ್ಯ ಗಡ್ಡ ಹೆರೆಯುತ್ತಾರೆ, ಬೂಟು ತಾವೇ ತಿಕ್ಕಿಕೊಳ್ಳುತ್ತಾರೆ. ಯುದ್ಧದ ಬಗ್ಗೆ ಕೇಳಿದರೆ ನಾಲ್ಕು ಮಾತು, ಮೊಮ್ಮಕ್ಕಳ ಓದಿನ ಬಗ್ಗೆ ಕೇಳಿದರೆ ನಲವತ್ತು. ಗಡಿಯಲ್ಲಿ ಕಳೆದ ವರ್ಷಗಳ ಬಾಕಿಯನ್ನೆಲ್ಲ ಮನೆಯವರಿಗೆ ಬಡ್ಡಿ ಸಮೇತ ತೀರಿಸುತ್ತಿರುವವರಂತೆ ಅವರು ಬದುಕುತ್ತಾರೆ.

ಈ ನಾಡಿನ ಕುಟುಂಬ ಎಂದರೆ ಗಂಡ, ಹೆಂಡತಿ, ಮಕ್ಕಳಿಗೆ ಮುಗಿಯುವಂಥದ್ದಲ್ಲ. ಕೊಡವರು ಅದನ್ನು ‘ಒಕ್ಕ’ ಎನ್ನುತ್ತಾರೆ. ಒಬ್ಬ ಮೂಲಪುರುಷನ ಸಂತಾನವೆಲ್ಲ ಒಂದೇ ಒಕ್ಕ, ಅದಕ್ಕೊಂದು ಐನ್‌ಮನೆ, ಅಲ್ಲಿ ಗತಿಸಿದ ಹಿರಿಯರಾದ ಕಾರಣವರಿಗೆ ಹಚ್ಚುವ ಒಂದು ದೀಪ. ಪುತ್ತರಿಗೆ ಕದಿರು ತೆಗೆಯುವ ರಾತ್ರಿ, ಕೈಲ್‌ಪೊಳ್ದ್‌ನಲ್ಲಿ ಕೋವಿ ಕತ್ತಿಗಳಿಗೆ ಹೂವಿಟ್ಟು ಕೈಮುಗಿಯುವ ದಿನ, ಎಲ್ಲೆಲ್ಲಿಂದಲೋ ಬಂದವರು ಅದೇ ದೀಪದ ಮುಂದೆ ಸೇರುತ್ತಾರೆ. ಆಮೇಲೆ ಊಟದ ಸಾಲು. ಕಡಂಬುಟ್ಟು, ಪಂದಿಕರಿ ಬಡಿಸುವಾಗ ಹಿರಿಯರ ಕಣ್ಣು ಒಂದರ ಮೇಲಿರುತ್ತದೆ: ತನ್ನ ಮಗನ ಎಲೆಗೆ ಒಂದು ಸೌಟು ಹೆಚ್ಚು, ಪಕ್ಕದ ಹುಡುಗನ ಎಲೆಗೆ ಒಂದು ಸೌಟು ಕಡಿಮೆ ಆಗಬಾರದು. ಕನ್ನಡದಲ್ಲಿ ಇದಕ್ಕೆ ಹಳೆಯ ಮಾತಿದೆ: ಪಂಕ್ತಿಭೇದ. ಊಟದ ಸಾಲಿನಲ್ಲಿ ಭೇದ ಮಾಡುವುದು ನಮ್ಮ ಹಿರಿಯರಿಗೆ ಬಹಳ ಕೆಟ್ಟದ್ದಾಗಿ ಕಂಡಿತ್ತು. ಕಾರ್ಯಪ್ಪನವರ ಬದುಕನ್ನು ಎತ್ತ ಕಡೆಯಿಂದ ನೋಡಿದರೂ ನನಗೆ ಈ ಊಟದ ಸಾಲೇ ಕಾಣುತ್ತದೆ.

1899ರ ಜನವರಿ 28ರಂದು ಕೊಡಗಿನ ಶನಿವಾರಸಂತೆಯಲ್ಲಿ ಅವರು ಹುಟ್ಟಿದರು. ತಂದೆ ಮಾದಪ್ಪ ಕಂದಾಯ ಇಲಾಖೆಯಲ್ಲಿದ್ದರು. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಗುಂಡು ಹಾರಿಸಿ ಸುತ್ತಲಿನವರಿಗೆ ತಿಳಿಸುವುದು, ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸುವುದು ಸಂಪ್ರದಾಯ. ಮನೆಯವರು ಮಗುವನ್ನು ‘ಚಿಮ್ಮ’ ಎಂದು ಕರೆದರು. ಆರು ಮಕ್ಕಳಲ್ಲಿ ಎರಡನೆಯವರಾದ ಚಿಮ್ಮ ಮಡಿಕೇರಿಯ ಶಾಲೆಯಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಭಾರತೀಯರಿಗೂ ಸೇನೆಯಲ್ಲಿ ಅಧಿಕಾರಿಗಳಾಗುವ ಬಾಗಿಲು ತೆರೆಯುತ್ತದೆ ಎಂಬ ಸುದ್ದಿ ಬಂದಾಗ ಅರ್ಜಿ ಹಾಕಿದರು. ಇಂದೋರಿನ ಡೇಲಿ ಕ್ಯಾಡೆಟ್ ಕಾಲೇಜಿನಿಂದ 1919ರ ಡಿಸೆಂಬರಿನಲ್ಲಿ ಹೊರಬಿದ್ದ ಮೊದಲ ತಂಡದಲ್ಲಿ ಅವರಿದ್ದರು.

ಮುಂದಿನ ಸುಮಾರು ಇಪ್ಪತ್ತೊಂಬತ್ತು ವರ್ಷಗಳ ಕಥೆಯನ್ನು ಪಠ್ಯಪುಸ್ತಕಗಳು ಹೇಳಿವೆ. ಮೆಸೊಪೊಟೇಮಿಯಾದ ಮರಳು, ವಾಯವ್ಯ ಗಡಿಯ ಕಲ್ಲುಬೆಟ್ಟ, ಕೊನೆಗೆ ತನ್ನದೇ ಮನೆಯಂತಾದ ರಜಪೂತ್ ರೆಜಿಮೆಂಟು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ಪಡೆದ ಮೊದಲ ಭಾರತೀಯ. ಫತೇಘಡದಲ್ಲಿದ್ದಾಗ ‘ಕಾರ್ಯಪ್ಪ’ ಎಂದು ಹೇಳಲು ನಾಲಿಗೆ ಹೊರಳದ ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿ ‘ಕಿಪ್ಪರ್’ ಎಂದು ಕರೆದರಂತೆ. ಆ ಹೆಸರು ಅಂಟಿಕೊಂಡಿತು. 1948ರಲ್ಲಿ ಕಾಶ್ಮೀರದ ಕಾಳಗದ ಹೊಣೆ ಹೊತ್ತಾಗ ಅಲ್ಲಿನ ಒಂದು ಕಾರ್ಯಾಚರಣೆಗೆ ಇಟ್ಟ ಹೆಸರೂ ‘ಕಿಪ್ಪರ್’. ಅದೇ ವರ್ಷದ ನವೆಂಬರಿನಲ್ಲಿ ಝೋಜಿಲಾ ಕಣಿವೆಯ ಹಿಮದಲ್ಲಿ ಟ್ಯಾಂಕುಗಳು ಏರಿದವು. ಅಲ್ಲಿ ಮುಂದೆ ನಿಂತು ನಡೆಸಿದವರು ಇನ್ನೊಬ್ಬ ಕೊಡಂದೇರ, ತಿಮ್ಮಯ್ಯ. ಒಂದೇ ಒಕ್ಕದ ಇಬ್ಬರು ದೇಶದ ಹಿಮಗಡಿಯನ್ನು ಕಾದ ದಿನಗಳವು.

ಅದೇ 1948 ಕಾರ್ಯಪ್ಪನವರ ಮನೆಯೊಳಗೆ ತಂದ ಕತ್ತಲೆಯನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. 1937ರ ಮಾರ್ಚಿನಲ್ಲಿ ಸಿಕಂದರಾಬಾದಿನಲ್ಲಿ ಅವರ ಮದುವೆಯಾಗಿತ್ತು. ಹುಡುಗಿ ಮುತ್ತು ಮಾಚಯ್ಯ, ಅರಣ್ಯಾಧಿಕಾರಿಯ ಮಗಳು. ಮರುವರ್ಷ ಜನವರಿಯಲ್ಲಿ ಮಗ ನಂದ ಹುಟ್ಟಿದ. 1943ರಲ್ಲಿ ಮಗಳು ನಳಿನಿ. ಗಂಡ ಹೆಂಡಿರ ಸ್ವಭಾವ ಕೂಡಿ ಬರಲಿಲ್ಲ. 1945ರಲ್ಲಿ ಇಬ್ಬರೂ ಬೇರೆಯಾದರು. ಮೂರು ವರ್ಷ ಕಳೆಯುವಷ್ಟರಲ್ಲಿ ಮುತ್ತು ಅಪಘಾತವೊಂದರಲ್ಲಿ ಜೀವ ಬಿಟ್ಟರು. ಹತ್ತು ವರ್ಷದ ಹುಡುಗ, ಐದು ವರ್ಷದ ಹುಡುಗಿ, ಅಮ್ಮನಿಲ್ಲ. ಅಪ್ಪನ ಹೆಗಲ ಮೇಲೆ ಕಾಶ್ಮೀರ.

1949ರ ಜನವರಿ 15ನ್ನು ಸೇನಾ ದಿನ ಎಂದು ನಾವು ಆಚರಿಸುತ್ತೇವೆ. ಅಂದು ದಿಲ್ಲಿಯಲ್ಲಿ ಜನರಲ್ ರಾಯ್ ಬೂಚರ್ ಅವರಿಂದ ಕಾರ್ಯಪ್ಪ ಸೇನೆಯ ಚುಕ್ಕಾಣಿ ಪಡೆದರು. ಎರಡು ಶತಮಾನಗಳ ಕಾಲ ಪರದೇಶದವರ ಅಪ್ಪಣೆಗೆ ಕಾಲು ಸರಿಸಿ ನಿಂತ ಸಿಪಾಯಿಗೆ ಅಂದಿನಿಂದ ತನ್ನವನೇ ದಳಪತಿ. ಆ ದಿನದ ಚಿತ್ರಗಳಲ್ಲಿ ಕಾಣುವ ಮನುಷ್ಯ ತೆಳ್ಳಗೆ, ನೆಟ್ಟಗೆ, ಮೀಸೆ ಕತ್ತರಿಸಿದಂತೆ ಒಪ್ಪವಾಗಿ ಇದ್ದಾರೆ. ನಾನು ಆ ಚಿತ್ರವನ್ನು ನೋಡುವಾಗಲೆಲ್ಲ ಚೌಕಟ್ಟಿನ ಹೊರಗೆ ಇರುವ ಇಬ್ಬರನ್ನು ನೆನೆಯುತ್ತೇನೆ. ನಂದನಿಗೆ ಹನ್ನೊಂದು ತುಂಬಿ ಹನ್ನೊಂದು ದಿನವಾಗಿತ್ತು. ನಳಿನಿಗೆ ಇನ್ನೂ ಆರು ತುಂಬಿರಲಿಲ್ಲ. ಲಕ್ಷಾಂತರ ಸೈನಿಕರ ಹೊಣೆ ಹೊತ್ತು ಮನೆಗೆ ಬರುವ ಅಪ್ಪ, ಅಲ್ಲಿ ಅಮ್ಮನ ಜಾಗವನ್ನೂ ಒಂದಿಷ್ಟು ತುಂಬಬೇಕಿತ್ತು.

ಆ ದಿಲ್ಲಿಯ ದಿನಗಳ ಒಂದು ಘಟನೆಯನ್ನು ಮಗ ನಂದ ದೊಡ್ಡವರಾದ ಮೇಲೆ ನೆನಪಿಸಿಕೊಂಡು ಹೇಳಿದ್ದಾರೆ. ಒಂದು ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವಾಹನ ಬರಲಿಲ್ಲ. ಹೊತ್ತು ಮೀರುತ್ತಿತ್ತು. ಅಪ್ಪನ ಎಡಿಸಿಗಳಲ್ಲಿ, ಅಂದರೆ ಆಪ್ತ ಸೇನಾ ಸಹಾಯಕರಲ್ಲಿ, ಒಬ್ಬರು ಕನಿಕರಪಟ್ಟು ಇಬ್ಬರನ್ನೂ ಸೇನಾ ಮುಖ್ಯಸ್ಥರ ಕಾರಿನಲ್ಲಿ ಕೂರಿಸಿ ಶಾಲೆಗೆ ಬಿಟ್ಟು ಬಂದರು. ಕೆಲವು ದಿನ ಕಳೆದ ಮೇಲೆ ತಿಂಡಿಯ ಹೊತ್ತಿನಲ್ಲಿ ವಿಷಯ ಅಪ್ಪನ ಕಿವಿಗೆ ಬಿತ್ತು. ಅವರಿಗೆ ಕೆಂಡದಂಥ ಕೋಪ ಬಂತು. ಸರ್ಕಾರದ ಕಾರು ಸರ್ಕಾರದ ಕೆಲಸಕ್ಕೆ; ನನ್ನ ಮಕ್ಕಳ ಓಡಾಟಕ್ಕಲ್ಲ ಎಂದು ಎಡಿಸಿಯನ್ನು ಗದರಿಸಿ, ಕಾರು ಓಡಿದ್ದಕ್ಕೆ ಬಿಲ್ಲು ಮಾಡಿ ತನ್ನ ಸಂಬಳದಲ್ಲಿ ಹಿಡಿಯಬೇಕೆಂದು ಆಜ್ಞೆ ಮಾಡಿದರು.

ಈ ಕಥೆಯನ್ನು ಕೇಳಿದವರು ಅಪ್ಪ ಎಷ್ಟು ಕಠಿಣ ಎನ್ನುತ್ತಾರೆ. ನನಗೆ ಇದರಲ್ಲಿ ಬೇರೆಯದೇ ಒಂದು ಕಕ್ಕುಲಾತಿ ಕಾಣುತ್ತದೆ. ಹನ್ನೊಂದರ ಹುಡುಗನ ಮನಸ್ಸು ಹಸಿಮಣ್ಣು. ಅಪ್ಪನ ಕಾರಿನ ಮುಂದೆ ಹಾರುವ ಬಾವುಟ ತನ್ನದೂ ಹೌದು ಎಂದು ಅದಕ್ಕೆ ಒಮ್ಮೆ ಅನ್ನಿಸಿಬಿಟ್ಟರೆ ಆಮೇಲೆ ತೆಗೆಯುವುದು ಕಷ್ಟ. ಬಿಲ್ಲಿನ ಮೊತ್ತ ಏನೇ ಇರಲಿ, ಆ ಮಕ್ಕಳಿಗೆ ಅಪ್ಪ ಕೊಟ್ಟ ಆಸ್ತಿಯಲ್ಲಿ ಅದೂ ಒಂದು. ಮಗ ಮುಪ್ಪಿನಲ್ಲೂ ಅದನ್ನು ಕಹಿಯಿಲ್ಲದೆ, ಹೆಮ್ಮೆಯಿಂದ ಹೇಳಿಕೊಂಡರು ಎಂಬುದೇ ಸಾಕ್ಷಿ.

ಮನೆಯಲ್ಲಿ ಹಿಡಿದ ನಿಯಮವನ್ನೇ ಅವರು ಸೇನೆಯಲ್ಲೂ ಹಿಡಿದರು. ಬ್ರಿಟಿಷರು ಕಟ್ಟಿದ ಸೇನೆಯಲ್ಲಿ ರೆಜಿಮೆಂಟುಗಳು ಜಾತಿ, ಮತ, ಪ್ರಾಂತ್ಯಗಳ ಲೆಕ್ಕದಲ್ಲಿ ನಿಂತಿದ್ದವು. ಒಬ್ಬೊಬ್ಬರಿಗೆ ಒಂದೊಂದು ಸಾಲು. 1949ರಲ್ಲೇ ಕಾರ್ಯಪ್ಪ ನಾಲ್ಕು ಹಳೆಯ ಬೆಟಾಲಿಯನ್‌ಗಳನ್ನು ಕೂಡಿಸಿ ‘ಬ್ರಿಗೇಡ್ ಆಫ್ ದಿ ಗಾರ್ಡ್ಸ್’ ಕಟ್ಟಿದರು. ಅಲ್ಲಿಗೆ ದೇಶದ ಯಾವ ಮೂಲೆಯ, ಯಾವ ಕುಲದ ಹುಡುಗನೂ ಸೇರಬಹುದು. ತಮಿಳಿನವ, ಪಂಜಾಬಿನವ, ಅಸ್ಸಾಮಿನವ ಒಂದೇ ಬ್ಯಾರಕಿನಲ್ಲಿ ಮಲಗಿ, ಒಂದೇ ಅಡುಗೆಮನೆಯಲ್ಲಿ ಉಂಡರು. ಐನ್‌ಮನೆಯ ಊಟದ ಸಾಲು ದೇಶದಷ್ಟು ಉದ್ದವಾಯಿತು.

1953ರ ಜನವರಿಯಲ್ಲಿ ಅವರು ನಿವೃತ್ತರಾದರು. ಮೂರು ವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದು, ಆಮೇಲೆ ಊರಿಗೆ ಬಂದರು. ದೊಡ್ಡ ಪದವಿಯಲ್ಲಿದ್ದವರು ದೊಡ್ಡ ಪಟ್ಟಣದಲ್ಲೇ ಬೇರು ಬಿಡುವುದು ವಾಡಿಕೆ. ಕಾರ್ಯಪ್ಪ ಮಡಿಕೇರಿಗೆ ಮರಳಿದರು. ರೋಶನಾರಾ ಅವರ ಕೊನೆಯ ಶಿಬಿರವಾಯಿತು. ಕೋಟು, ಟೈ, ಮಿಂಚುವ ಬೂಟು, ಗಡಿಯಾರದ ಮುಳ್ಳಿಗೆ ಸರಿಯಾದ ದಿನಚರಿ. ಎದುರಾದವರಿಗೆ ಮೊದಲ ಮಾತು ‘ಜೈ ಹಿಂದ್’. ಮನೆಯವರ ಜೊತೆ ಮಾತ್ರ ಕೊಡವ ತಕ್ಕ್. ಆಳೆತ್ತರದ ಜರಿಗಿಡಗಳ ನಡುವಿನ ದಾರಿಯಲ್ಲಿ ಆ ನೆಟ್ಟನೆಯ ನಡಿಗೆ ಮಡಿಕೇರಿಯ ನಿತ್ಯದ ನೋಟಗಳಲ್ಲಿ ಒಂದಾಯಿತು.

ಮಗ ವಾಯುಪಡೆ ಸೇರಿದ. ಭೂಸೇನೆಯ ಅಪ್ಪನ ಮಗ ಆಕಾಶವನ್ನು ಆರಿಸಿಕೊಂಡ. ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಇಪ್ಪತ್ತನೆಯ ಸ್ಕ್ವಾಡ್ರನ್, ಹಂಟರ್ ವಿಮಾನದ ಚಾಲಕ.

1965ರ ಸೆಪ್ಟೆಂಬರ್ 22. ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿಯುವ ಹಂತಕ್ಕೆ ಬಂದಿತ್ತು; ಮರುದಿನ ನಸುಕಿಗೆ ಕದನವಿರಾಮ. ಅಂದು ನಂದ ಪಂಜಾಬಿನ ಗಡಿಯಾಚೆ ದಾಳಿಗೆ ಹಾರಿದರು. ಕೆಳಗಿನಿಂದ ಸಿಡಿದ ಗುಂಡುಗಳು ಹಂಟರಿಗೆ ತಾಗಿದವು. ಬೆಂಕಿ ಹತ್ತಿದ ವಿಮಾನದಿಂದ ಹೊರಚಿಮ್ಮಿ ಅವರು ನೆಲಕ್ಕೆ ಬಿದ್ದರು. ಬೆನ್ನುಮೂಳೆಗೆ ಪೆಟ್ಟು. ಸುತ್ತ ನಿಂತವರ ಸಮವಸ್ತ್ರ ನಮ್ಮದಲ್ಲ. ಸೆರೆಸಿಕ್ಕ ಸೈನಿಕ ಹೇಳಬೇಕಾದದ್ದು ನಾಲ್ಕೇ: ಹೆಸರು, ಹುದ್ದೆ, ನಂಬರು, ಹುಟ್ಟಿದ ದಿನ. ಆದರೆ ಆ ಹೆಸರೇ ಬಾಯಿ ಬಿಟ್ಟಿತು. ಉಪಖಂಡದ ಸೇನೆಗಳಲ್ಲಿ ‘ಕಾರ್ಯಪ್ಪ’ ಎಂಬ ಹೆಸರು ಕೇಳಿ ತಲೆ ಎತ್ತದ ಅಧಿಕಾರಿ ಆಗ ಇರಲಿಲ್ಲ.

ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಅವರಿಗೆ ಈ ಹೆಸರು ಬರೀ ಹೆಸರಾಗಿರಲಿಲ್ಲ. ದೇಶ ಒಡೆಯುವ ಮುಂಚೆ, ವಜೀರಿಸ್ತಾನದ ಬನ್ನು ಬ್ರಿಗೇಡಿನಲ್ಲಿ ಅವರು ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಮೇಲಧಿಕಾರಿಯ ಮಗ ತಮ್ಮ ಸೆರೆಯಲ್ಲಿದ್ದಾನೆ. ದಿಲ್ಲಿಯಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಮೂಲಕ ಸುದ್ದಿ ಹೋಯಿತು: ಮಗ ಸುರಕ್ಷಿತ, ಬೇಕಾದರೆ ಅವನನ್ನು ಬಿಟ್ಟುಬಿಡುತ್ತೇವೆ.

ಅಪ್ಪನಿಗೆ ಆಗ ಅರವತ್ತಾರು. ಒಬ್ಬನೇ ಮಗ. ತಾಯಿಯಿಲ್ಲದೆ ಬೆಳೆದ ಮಗ, ಬೆನ್ನು ಮುರಿದುಕೊಂಡು ಪರರ ಮನೆಯಲ್ಲಿ ಬಿದ್ದಿದ್ದಾನೆ. ‘ಹೂಂ’ ಎಂದರೆ ಸಾಕು. ಬೇರೆ ಯಾರಾದರೂ ಹೂಂ ಎಂದಿದ್ದರೆ ಅವರನ್ನು ಬೈಯುವ ಹಕ್ಕು ಯಾವ ತಂದೆ ತಾಯಿಗೂ ಇಲ್ಲ.

ಕಾರ್ಯಪ್ಪ ಕೊಟ್ಟ ಉತ್ತರ ಇಂದಿಗೂ ಈ ದೇಶದ ಬಾಯಲ್ಲಿದೆ. ಅಲ್ಲಿ ಸೆರೆಯಲ್ಲಿರುವ ಯುದ್ಧಕೈದಿಗಳೆಲ್ಲರೂ ನನ್ನ ಮಕ್ಕಳೇ. ನನ್ನ ಮಗನಿಗೆಂದು ಬೇರೆ ಏನೂ ಬೇಡ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬುದು ಅದರ ತಾತ್ಪರ್ಯ.

ಈ ಪ್ರಸಂಗವನ್ನು ವೇದಿಕೆಗಳಲ್ಲಿ ಹೇಳುವಾಗ ಮೊದಲ ಅರ್ಧಕ್ಕೆ ಚಪ್ಪಾಳೆ ಬೀಳುತ್ತದೆ: ಮಗನನ್ನೂ ಬೇಡವೆಂದ ದೇಶಭಕ್ತ. ನಾನು ನಿಲ್ಲುವುದು ಎರಡನೆಯ ಅರ್ಧದಲ್ಲಿ. ‘ಚೆನ್ನಾಗಿ ನೋಡಿಕೊಳ್ಳಿ’ ಎಂಬುದು ಅಪ್ಪನ ಮಾತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಮಗನನ್ನು ಹಾಸ್ಟೆಲಿಗೆ ಬಿಡುವಾಗ ನಮ್ಮ ತಂದೆಯರು ಆಡುವ ಮಾತು ಇದೇ. ಅವರು ಕೇಳಿದ್ದು ಕಡಿಮೆಯಲ್ಲ. ಅಯೂಬ್ ಖಾನ್ ಒಬ್ಬನಿಗೆ ಕೊಡಲು ಬಂದಿದ್ದನ್ನು ಅವರು ಎಲ್ಲರಿಗೂ ಕೇಳಿದರು. ನಂದ ಎಂಬ ಹೆಸರಿಗೆ ವಿಭಕ್ತಿ ಹತ್ತಿದರೆ ‘ನಂದನ’. ನಮ್ಮ ಹಳೆಯ ಕನ್ನಡದಲ್ಲಿ ನಂದನ ಎಂದರೆ ಮಗ ಎಂದೇ ಅರ್ಥ. ನಂದನ ಅಪ್ಪ ಆ ಗಳಿಗೆಯಲ್ಲಿ ಸೆರೆಮನೆಯ ಪ್ರತಿಯೊಬ್ಬ ನಂದನನಿಗೂ ಅಪ್ಪನಾದರು.

ಆ ಕಡೆಯಲ್ಲೂ ಮನುಷ್ಯರೇ ಇದ್ದರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ನಂದನನ್ನು ನೋಡಲು ಅಯೂಬ್ ಖಾನರ ಪತ್ನಿ ತಮ್ಮ ಮಗನನ್ನು ಕರೆದುಕೊಂಡು ಬಂದಿದ್ದರು. ಬರುವಾಗ ಸಿಗರೇಟಿನ ಪೊಟ್ಟಣಗಳನ್ನೂ ಪಿ.ಜಿ. ವುಡ್‌ಹೌಸರ ಕಾದಂಬರಿಯೊಂದನ್ನೂ ತಂದಿದ್ದರು. ನೋವಿನಲ್ಲಿರುವ ಪರದೇಶದ ಹುಡುಗನಿಗೆ ನಗಿಸುವ ಪುಸ್ತಕವೊಂದನ್ನು ಹುಡುಕಿ ತಂದದ್ದನ್ನು ಆ ಹುಡುಗ ಮರೆಯಲಿಲ್ಲ.

ನಾಲ್ಕು ತಿಂಗಳು. ಆ ವರ್ಷ ಕೊಡಗಿನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥ ಉಕ್ಕಿತು; ಪುತ್ತರಿಗೆ ಕದಿರು ಮನೆಗೆ ಬಂತು; ಕಾಫಿ ಹಣ್ಣು ಕೆಂಪಾಗಿ ಕೊಯ್ಲು ಶುರುವಾಯಿತು. 1966ರ ಜನವರಿ 22ರಂದು ನಂದ ಇತರ ಸೆರೆಯಾಳುಗಳ ಜೊತೆಗೇ ತಾಯ್ನೆಲಕ್ಕೆ ಕಾಲಿಟ್ಟರು. ಆರು ದಿನ ಕಳೆದರೆ ಅಪ್ಪನ ಹುಟ್ಟುಹಬ್ಬ. ಬೆನ್ನಿಗೆ ಪೆಟ್ಟು ತಿಂದ ಮಗ ಸೇವೆಗೆ ಮರಳಿ, ಏರ್ ಮಾರ್ಷಲ್ ಹುದ್ದೆಯವರೆಗೆ ಏರಿ ನಿವೃತ್ತರಾದರು. ಅಪ್ಪನ ಜೀವನಚರಿತ್ರೆಯನ್ನು ತಾವೇ ಬರೆದರು. ಮಕ್ಕಳು ತಂದೆಗೆ ಮಾಡುವ ತರ್ಪಣದಲ್ಲಿ ಅದಕ್ಕಿಂತ ಮೇಲಿನದು ಯಾವುದಿದೆ?

ಅಪ್ಪ ಸುಮ್ಮನೆ ಕೂರುವ ಜಾತಿಯವರಲ್ಲ. ಸಮವಸ್ತ್ರ ಕಳಚಿದ ಸಿಪಾಯಿಯ ಪಾಡು ಅವರಿಗೆ ಗೊತ್ತಿತ್ತು. ಮೂವತ್ತೈದು, ನಲವತ್ತರ ವಯಸ್ಸಿಗೆ ಪಿಂಚಣಿ ಬರೆದುಕೊಟ್ಟು ಕಳಿಸುತ್ತಾರೆ. ಮಕ್ಕಳು ಚಿಕ್ಕವರು, ಜಮೀನು ಪಾಲಾಗಿರುತ್ತದೆ, ಬಂದೂಕು ಹಿಡಿದ ಕೈಗೆ ಬೇರೆ ಕಸುಬು ಬಾರದು. ಅಂಥವರ ದನಿಗೆಂದು 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆಯನ್ನು ಕಟ್ಟಿದರು. 1965ರಲ್ಲೂ 1971ರಲ್ಲೂ ಮುಂಚೂಣಿಗೆ ಹೋಗಿ ಜವಾನರ ಜೊತೆ ಮಾತನಾಡಿ ಬಂದರು. 1971ರಲ್ಲಿ ಅವರಿಗೆ ಎಪ್ಪತ್ತೆರಡು. ದೂರದಲ್ಲಿ ದುಡಿಯುವ ಮಕ್ಕಳನ್ನು ನೋಡಿ ಬರಲು ಬುತ್ತಿ ಕಟ್ಟಿಕೊಂಡು ಹೊರಡುವ ಹಳ್ಳಿಯ ಮುದುಕರ ಹಾಗೆ ಅವರು ಗಡಿಗೆ ಹೊರಟುಬಿಡುತ್ತಿದ್ದರು.

1986ರಲ್ಲಿ ದೇಶ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಸಮಾರಂಭ. ಅವರಿಗೆ ಎಂಬತ್ತೇಳು. ಬಲಗಾಲಿನ ಕಿರುಬೆರಳು ಬಹಳ ನೋಯುತ್ತಿತ್ತು. ಮನೆಯಲ್ಲಿ ಆ ಕಾಲಿಗೆ ಮೆತ್ತನೆಯ ಪಾದರಕ್ಷೆ ಹಾಕಿಕೊಂಡೇ ಓಡಾಡುತ್ತಿದ್ದರು. ಅಂದೂ ಹಾಗೆಯೇ ಬನ್ನಿ ಎಂದು ಮನೆಯವರು ಕೈಮುಗಿದರೂ ಕೇಳಲಿಲ್ಲ. ಸಮವಸ್ತ್ರದ ಜೊತೆಗೆ ಎಂಥ ಬೂಟು ಇರಬೇಕೋ ಅಂಥದ್ದೇ ತೊಟ್ಟರು. ನಡೆಯಲು ಆಸರೆ ಬೇಡವೆಂದರು. ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅವರಿಂದ ಪದವಿಯ ದಂಡ ಪಡೆಯುವಾಗ, ಸಮಾರಂಭ ಮುಗಿಯುವವರೆಗೂ ನಿಂತೇ ಇದ್ದರು. ಬೂಟಿನೊಳಗೆ ಬೆರಳು ಎಷ್ಟು ನೊಂದಿರಬೇಕು ಎಂಬುದು ಆ ಸಭೆಯಲ್ಲಿ ಮನೆಯವರಿಗಷ್ಟೇ ಗೊತ್ತು. ಮುಪ್ಪಿನ ತಂದೆಯ ನಡಿಗೆಯನ್ನು ಮಕ್ಕಳು ನೋಡುವ ನೋಟವೇ ಬೇರೆ. ಸಭೆ ಪದಕಗಳನ್ನು ನೋಡುವಾಗ ಅವರು ಪಾದಗಳನ್ನು ನೋಡುತ್ತಾರೆ.

ತೊಂಬತ್ತು ದಾಟಿದ ಮೇಲೆ ದೇಹ ಬಳಲಿತು. ಸಂಧಿವಾತ, ಹೃದಯದ ತೊಂದರೆ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. 1993ರ ಮೇ 15ರಂದು ನಿದ್ದೆಯಲ್ಲೇ ಉಸಿರು ನಿಂತಿತು. ತೊಂಬತ್ತನಾಲ್ಕು ವರ್ಷದ ನಡಿಗೆ.

ಕೊಡಗಿನಲ್ಲಿ ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು. ಬೆಟ್ಟದಾಚೆ ಎರಡು ಸದ್ದು ಬೆನ್ನುಬೆನ್ನಿಗೆ ಕೇಳಿದರೆ ತೋಟದಲ್ಲಿ ಕೆಲಸ ಮಾಡುತ್ತಿರುವವರು ಕತ್ತಿ ಕೆಳಗಿಟ್ಟು ಯಾರ ಮನೆಯಿಂದ ಎಂದು ಕಿವಿಗೊಡುತ್ತಾರೆ. ಆ ದಿನ ಸುದ್ದಿ ಹೊತ್ತದ್ದು ರೇಡಿಯೊ, ದೂರದರ್ಶನ. ಮೇ 17ರಂದು ಮಡಿಕೇರಿಯಲ್ಲಿ ಅಂತ್ಯಸಂಸ್ಕಾರ. ಭೂಸೇನೆ, ನೌಕಾಪಡೆ, ವಾಯುಪಡೆಗಳ ಮುಖ್ಯಸ್ಥರು ಮೂವರೂ ಬಂದಿದ್ದರು. ಕಾರ್ಯಪ್ಪನವರೇ ಕಟ್ಟಿದ ಗಾರ್ಡ್ಸ್, ಅವರು ಬೆಳೆದ ರಜಪೂತ್, ಜೊತೆಗೆ ಪ್ಯಾರಾಚೂಟ್ ರೆಜಿಮೆಂಟಿನ ತುಕಡಿಗಳು ಶಸ್ತ್ರ ತಲೆಕೆಳಗು ಮಾಡಿ ನಿಂತವು. ಪೂರ್ಣ ಸಮವಸ್ತ್ರದಲ್ಲಿ ಬಂದ ಫೀಲ್ಡ್ ಮಾರ್ಷಲ್ ಸ್ಯಾಮ್ ಮಾಣೆಕ್ ಷಾ ಹಿರಿಯನಿಗೆ ಕೊನೆಯ ಸಲಾಮು ಹೊಡೆದರು. ಚಿತೆಗೆ ಕೊಳ್ಳಿ ಇಟ್ಟವರು ಒಬ್ಬರು: ಮಗ ನಂದ. ಆ ಕೆಲಸ ಪದವಿಗೆ ಸೇರಿದ್ದಲ್ಲ. ಅಷ್ಟು ದೊಡ್ಡ ಪರಿವಾರದಲ್ಲೂ ಅದು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೇ ಮೀಸಲು. ಬದುಕಿನುದ್ದಕ್ಕೂ ಮಗನಿಗೆಂದು ಬೇರೆ ಏನನ್ನೂ ತೆಗೆದಿಡದ ಅಪ್ಪ ಅವನೊಬ್ಬನಿಗೇ ಬಿಟ್ಟುಹೋದದ್ದು ಈ ಒಂದು ಬೆಂಕಿ.

ಸಂಜೆಯ ಗುಡುಗು ಹತ್ತಿರ ಬರುತ್ತಿದೆ. ಸುದರ್ಶನ ವೃತ್ತದ ಕಡೆಯಿಂದ ಮಕ್ಕಳ ಗುಂಪೊಂದು ಬಸ್ಸಿಗೆ ಓಡುತ್ತಿದೆ. ರೋಶನಾರಾದ ಮರಗಳಿಂದ ಮೊದಲ ಹನಿಗಳು ಬೀಳತೊಡಗಿವೆ.

ನನಗೆ ಈ ಹೊತ್ತಿನಲ್ಲಿ ನೆನಪಾಗುವುದು ಒಬ್ಬ ತಾಯಿ. ಅವಳ ಊರು ಪಂಜಾಬಿನಲ್ಲೋ ಬಿಹಾರದಲ್ಲೋ ನಮ್ಮ ಧಾರವಾಡದ ಕಡೆಯೋ ಎಲ್ಲಿ ಬೇಕಾದರೂ ಇರಬಹುದು. 1965ರ ಆ ಸೆಪ್ಟೆಂಬರಿನಲ್ಲಿ ಅವಳ ಮಗನೂ ಗಡಿಯಾಚೆ ಸೆರೆಯಲ್ಲಿದ್ದ. ಅವನಿಗಾಗಿ ಸುದ್ದಿ ಕಳಿಸುವ ಅಧ್ಯಕ್ಷರಿರಲಿಲ್ಲ, ಅವನ ಹೆಸರು ಕೇಳಿ ಯಾರೂ ತಲೆ ಎತ್ತಲಿಲ್ಲ. ಅವಳು ದೇವರ ಮುಂದೆ ದೀಪ ಹಚ್ಚಿಟ್ಟು, ಅಂಚೆಯವನ ದಾರಿ ಕಾಯುತ್ತ ಕೂತಿದ್ದಳು. ಕೊಡಗಿನ ಒಬ್ಬ ಮುದುಕ ತನ್ನ ಮಗನ ಎಲೆಗೆ ಬಿದ್ದ ಹೆಚ್ಚಿನ ಸೌಟನ್ನು ಹಿಂದಕ್ಕೆ ಕೊಟ್ಟು, ಅವಳ ಮಗನ ಎಲೆಯತ್ತ ಕೈ ತೋರಿಸಿದ್ದು ಅವಳಿಗೆ ಆಗ ತಿಳಿದಿರಲಾರದು. ಜನವರಿಯಲ್ಲಿ ಮಗ ಮನೆಗೆ ಬಂದ. ಅವಳು ಅವನಿಗೆ ಎಲೆ ಹಾಕಿ ಬಡಿಸಿದಳು.